ವಿವಾಹಪೂರ್ವ ಸಮಾಲೋಚನೆ: ಹಿತೋಕ್ತಿ ಮತ್ತು ಅಪ್ಪಣೆ

ವಿವಾಹಕ್ಕೆ ಮುನ್ನ ಯಾವುದೊಂದು ವಿಚಾರಣೆಯೂ ನಡೆಯದ ಸಮಾಜ ಕಾಣಸಿಗುವುದು ದುರ್ಲಭ. ಕುಲ ನೋಡುವುದು, ಮನೆತನ ನೋಡುವುದು, ಹೊಲ ಮನೆ ನೋಡುವುದು, ಜಾತಕ ಕೂಡಿಸುವುದು, ಕೊಡುವ ಕೊಳ್ಳುವ ಮಾತನ್ನು ಹಿರಿಯರ ಸಮಕ್ಷಮದಲ್ಲಿ ನಿಶ್ಚಯಿಸುವುದು, ಇವೆಲ್ಲವೂ ವಿಚಾರಣೆಯೇ ಸರಿ. ಆದರೆ ಈ ವಿಚಾರಣೆಯಲ್ಲಿ ಒಂದು ವೈಚಿತ್ರ್ಯವುಂಟು. ಮುಂದೆ ಒಂದೇ ಸೂರಿನಡಿ ಬಾಳಬೇಕಾದ ಇಬ್ಬರನ್ನು ಬಿಟ್ಟು ಮಿಕ್ಕವರೆಲ್ಲರೂ ಅಲ್ಲಿ ಮಾತನಾಡುತ್ತಾರೆ. ವಧೂವರರನ್ನೇ ಕೂಡಿಸಿಕೊಂಡು, ಅವರ ಮನದಿಂಗಿತವನ್ನು ಕೇಳಿ, ಬರಲಿರುವ ಕಷ್ಟಸುಖಗಳನ್ನು ಅವರು ಪರಸ್ಪರ ಅರಿತುಕೊಳ್ಳುವಂತೆ ಮಾಡುವ ವ್ಯವಸ್ಥಿತ ಪದ್ಧತಿ ತೀರ ಈಚಿನದು. ಅದರ ವಯಸ್ಸು ನೂರು ವರ್ಷಗಳ ಆಚೀಚೆ ಮಾತ್ರ.

ಈ ಪದ್ಧತಿಗೆ ಇಂದು ವಿವಾಹಪೂರ್ವ ಸಮಾಲೋಚನೆ ಎಂಬ ಹೆಸರು ಸಲ್ಲುತ್ತಿದೆ. ಇದರ ಪ್ರಯೋಜನವನ್ನು ಕೊಂಡಾಡುವವರು ಬಹಳ. ಇದರ ಇತಿಹಾಸವನ್ನು ನೋಡಿದವರು ವಿರಳ. ಆ ಇತಿಹಾಸದಲ್ಲಿ ಎರಡು ಎಳೆಗಳು ಒಂದನ್ನೊಂದು ಹೆಣೆದುಕೊಂಡು ಸಾಗಿರುವುದು ಕಂಡುಬರುತ್ತದೆ. ಒಂದು, ಮದುವೆಯಾಗುವವರಿಗೆ ತಿಳಿವನ್ನು ಕೊಟ್ಟು ನಿರ್ಧಾರವನ್ನು ಅವರಿಗೇ ಬಿಡುವ ಹಿತೋಕ್ತಿ. ಮತ್ತೊಂದು, ಅವರ ಪರವಾಗಿ ತಾನೇ ನಿರ್ಧರಿಸುವ ಅಪ್ಪಣೆ. ಮೊದಲನೆಯದು ಎರಡನೆಯದಾಗಿ ಮಾರ್ಪಟ್ಟ ಸಂದರ್ಭಗಳುಂಟು. ಅವುಗಳಲ್ಲಿ ಒಂದು ಅತಿ ಘೋರವಾದದ್ದು.

ಯುರೋಪಿನಲ್ಲಿ ಈ ಪ್ರಶ್ನೆ ಮೊದಲು ಎದ್ದದ್ದು ನ್ಯಾಯಶಾಸ್ತ್ರದ ವಾದವಾಗಿ. ಸುಮಾರು 1140ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಗ್ರೇಷಿಯನ್ ಎಂಬ ಧರ್ಮಶಾಸ್ತ್ರಜ್ಞನು ಚರ್ಚಿನ ವಿಧಿನಿಯಮಗಳನ್ನು ಒಟ್ಟುಗೂಡಿಸಿದಾಗ, ವಿವಾಹವು ಯಾವುದರಿಂದ ವಿವಾಹವಾಗುತ್ತದೆ ಎಂಬುದು ದೊಡ್ಡ ಚರ್ಚೆಯ ವಿಷಯವಾಗಿತ್ತು. ತಂದೆಯ ಒಪ್ಪಿಗೆಯಿಂದಲೋ, ಒಡವೆ ವಸ್ತುಗಳ ವಿನಿಮಯದಿಂದಲೋ, ಕೂಡಿ ಬಾಳುವುದರಿಂದಲೋ, ಇಬ್ಬರ ಮಾತಿನಿಂದಲೋ? ಮುಂದೆ ಮೂರನೆಯ ಅಲೆಕ್ಸಾಂಡರ್ ಪೋಪನ (1159–1181) ಕಾಲಕ್ಕೆ, ‘ಈಗಲೇ ಒಪ್ಪಿದ್ದೇನೆ’ ಎಂದು ಇಬ್ಬರೂ ಹೇಳಿದರೆ ಅದೇ ವಿವಾಹ ಎಂಬ ಸಿದ್ಧಾಂತ ನೆಲೆಗೊಂಡಿತು. ಕನ್ಯೆಯ ಮಾತಿಗೆ ಇಷ್ಟು ಬೆಲೆ ಬಂದದ್ದು ಮಹತ್ತ್ವದ ಸಂಗತಿ. ಆದರೆ ಸಾಕ್ಷಿಯಿಲ್ಲದ ಮಾತು ಮಾತಾಗಿಯೇ ಉಳಿಯುತ್ತಿತ್ತು. ಗುಟ್ಟಾಗಿ ಮಾತು ಕೊಟ್ಟು ಆಮೇಲೆ ಇಲ್ಲವೆನ್ನುವವರು, ಊರಲ್ಲೊಬ್ಬಳು ಪರವೂರಲ್ಲೊಬ್ಬಳು ಎನ್ನುವವರು ಹೆಚ್ಚಿದರು.

ಇದಕ್ಕೆ ಪರಿಹಾರವಾಗಿ ಬಂದದ್ದು ಬಹಿರಂಗ ಘೋಷಣೆ. 1215ರ ನಾಲ್ಕನೆಯ ಲ್ಯಾಟರನ್ ಧರ್ಮಸಭೆಯು, ಮದುವೆಗೆ ಮುನ್ನ ವಧೂವರರ ಹೆಸರನ್ನು ಚರ್ಚಿನಲ್ಲಿ ಸಾರಬೇಕೆಂದು ವಿಧಿಸಿತು. 1563ರಲ್ಲಿ ಟ್ರೆಂಟ್ ಧರ್ಮಸಭೆಯು ಇನ್ನೂ ಬಿಗಿಯಾದ ನಿಯಮವನ್ನು ತಂದಿತು: ಒಂದರ ಹಿಂದೊಂದು ಬರುವ ಮೂರು ಹಬ್ಬದ ದಿನಗಳಲ್ಲಿ ಘೋಷಣೆಯಾಗಬೇಕು; ಊರ ಪಾದ್ರಿಯೂ ಎರಡು ಮೂರು ಸಾಕ್ಷಿಗಳೂ ಎದುರಿಗಿರಬೇಕು. 1614ರ ರೋಮನ್ ಸಂಸ್ಕಾರವಿಧಿಯ ಗ್ರಂಥದಲ್ಲಿ ಪಾದ್ರಿಯ ಕರ್ತವ್ಯವೂ ಸ್ಪಷ್ಟವಾಗಿದೆ. ಇಬ್ಬರೂ ಸ್ವಇಚ್ಛೆಯಿಂದ ಒಪ್ಪಿದ್ದಾರೆಯೇ ಎಂದು ಆತ ವಿಚಾರಿಸಬೇಕು. ಮಕ್ಕಳಿಗೆ ಕಲಿಸಬೇಕಾಗುವುದರಿಂದ ಧರ್ಮದ ಮೊದಲ ಪಾಠಗಳು ಅವರಿಗೆ ಬರುತ್ತವೆಯೇ ಎಂದೂ ನೋಡಬೇಕು. ಸ್ವೀಡನ್ನಿನ 1686ರ ಚರ್ಚ್ ಶಾಸನವು ಧರ್ಮಪ್ರಶ್ನೋತ್ತರಿಯನ್ನು ಅರಿಯದವರಿಗೆ ಮದುವೆಯೇ ಇಲ್ಲವೆಂಬಷ್ಟು ದೂರ ಹೋಯಿತು. ಗಂಡು ಹೆಣ್ಣುಗಳಿಬ್ಬರೂ ಓದು ಕಲಿಯಲು ಇದೊಂದು ಪ್ರೇರಣೆಯಾಯಿತೆಂಬುದು ಬೇರೆ ಮಾತು.

ಇಲ್ಲಿ ಗಮನಿಸಬೇಕಾದುದು ಪ್ರಶ್ನೆಯ ಸ್ವರೂಪ. ‘ಅಡ್ಡಿ ಏನಾದರೂ ಉಂಟೆ?’ ಎಂಬುದು ಪಾದ್ರಿಯ ಪ್ರಶ್ನೆ. ‘ನೀವಿಬ್ಬರೂ ಹೇಗೆ ಬಾಳುವಿರಿ?’ ಎಂಬುದು ಆತನ ಪ್ರಶ್ನೆಯಲ್ಲ.

ಈ ಘೋಷಣೆಯ ಪದ್ಧತಿಯೇ ರೂಪಾಂತರ ಹೊಂದಿ ಭಾರತಕ್ಕೂ ಬಂದಿತೆಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಇಂಗ್ಲೆಂಡಿನಲ್ಲಿ 1753ರ ಹಾರ್ಡ್‌ವಿಕ್ ಶಾಸನ ಚರ್ಚಿನ ಘೋಷಣೆಯನ್ನು ರಾಜ್ಯದ ಕಾನೂನಾಗಿಸಿತು. 1836ರ ಶಾಸನ ಅದನ್ನು ನೋಂದಣಾಧಿಕಾರಿಯ ಕಚೇರಿಯ ನೋಟೀಸಾಗಿ ಬದಲಿಸಿತು. ಕೇಶವಚಂದ್ರ ಸೇನರ ಒತ್ತಾಯದ ಫಲವಾಗಿ ಬಂದ 1872ರ ಮೂರನೆಯ ಶಾಸನದಲ್ಲಿ ಅದೇ ನೋಟೀಸು ಹದಿನಾಲ್ಕು ದಿನಗಳ ಅವಧಿಯದಾಗಿ ಕಾಣಿಸಿಕೊಂಡಿತು. 1954ರ ವಿಶೇಷ ವಿವಾಹ ಅಧಿನಿಯಮದಲ್ಲಿ ಮೂವತ್ತು ದಿನಗಳದಾಯಿತು. ಕಚೇರಿಯ ಗೋಡೆಗೆ ಅಂಟಿಸಿದ ಆ ಕಾಗದ ವಧೂವರರಿಗೆ ಯಾವ ಬುದ್ಧಿಮಾತನ್ನೂ ಹೇಳುವುದಿಲ್ಲ. ಅವರ ಹೆಸರು, ವಿಳಾಸಗಳನ್ನು ಊರಿಗೆ ಸಾರುತ್ತದೆ, ಅಷ್ಟೆ. ಜಾತಿ ಮತಗಳನ್ನು ಮೀರಿ ಮದುವೆಯಾಗುವವರಿಗೆ ಇದು ರಕ್ಷಣೆಗಿಂತ ಅಪಾಯವೇ ಆದದ್ದುಂಟು. 2021ರ ಜನವರಿಯಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಈ ಪ್ರಕಟಣೆ ವಧೂವರರ ಇಚ್ಛೆಗೆ ಬಿಟ್ಟದ್ದೆಂದು ತೀರ್ಪಿತ್ತದ್ದು ಈ ಕಾರಣದಿಂದಲೇ. ಎಂಟು ಶತಮಾನಗಳ ಹಿಂದೆ ಮೋಸವನ್ನು ತಡೆಯಲು ಹುಟ್ಟಿದ ಸಾಧನವು ಬೇರೊಂದು ನೆಲದಲ್ಲಿ, ಬೇರೊಂದು ಕಾಲದಲ್ಲಿ, ಭಯದ ಸಾಧನವಾಯಿತು.

ಕೇಳುವುದಾದರೂ ಯಾರನ್ನು ಎಂಬ ತೊಡಕು ಭಾರತದಲ್ಲಿ ಬೇರೆಯೇ ಇತ್ತು. ವಧು ಏಳು ವರ್ಷದ ಮಗುವಾದಲ್ಲಿ ಆಕೆಯ ಇಂಗಿತವನ್ನು ಕೇಳುವುದೆಂದರೆ ಅಣಕವೇ ಸರಿ. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷಕ್ಕಿಂತ ಕಿರಿಯ ಬಾಲೆಯರ ಮದುವೆಯನ್ನೂ, ಐವತ್ತು ದಾಟಿದ ಪುರುಷರು ಹದಿನಾಲ್ಕು ತುಂಬದ ಬಾಲೆಯರನ್ನು ವರಿಸುವುದನ್ನೂ ನಿಷೇಧಿಸಿತು. ಇಂದಿನ ದೃಷ್ಟಿಗೆ ಇದು ಅತ್ಯಲ್ಪವೆನಿಸಿದರೂ ಅಂದು ಬ್ರಿಟಿಷ್ ಇಂಡಿಯಾ ಕೂಡ ಇಷ್ಟು ಮಾಡಿರಲಿಲ್ಲ. 1929ರ ಶಾರದಾ ಶಾಸನದಲ್ಲಿ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು. 1978ರ ತಿದ್ದುಪಡಿಯಲ್ಲಿ ಹದಿನೆಂಟು ಮತ್ತು ಇಪ್ಪತ್ತೊಂದು. ಸಮಾಲೋಚನೆಗೆ ಬೇಕಾದ ಎರಡು ಪ್ರಾಪ್ತ ಮನಸ್ಸುಗಳು ಕಾನೂನಿನ ದೃಷ್ಟಿಯಲ್ಲಿಯಾದರೂ ಇಲ್ಲಿ ಒದಗಿದ್ದು ಹೀಗೆ, ಮೆಟ್ಟಿಲು ಮೆಟ್ಟಿಲಾಗಿ.

ಆದರೆ ಪ್ರಾಪ್ತಳಾದ ಹೆಣ್ಣೊಬ್ಬಳು ವಿವಾಹಕ್ಕೆ ಮುನ್ನ ಬಾಳಿನ ಸ್ವರೂಪವನ್ನೇ ಪ್ರಶ್ನಿಸುವ ಚಿತ್ರವನ್ನು ಕನ್ನಡ ಸಾಹಿತ್ಯ ಬಹು ಹಿಂದೆಯೇ ಕಂಡಿದೆ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಕೌಶಿಕನೆಂಬ ದೊರೆ ಆಕೆಯನ್ನು ಬಯಸಿ, ಆಕೆಯ ತಂದೆತಾಯಿಗಳಿಗೆ ಸಂಕಟ ತಂದಾಗ, ಮಹಾದೇವಿ ನಿಬಂಧನೆಗಳ ಮೇಲೆ ಒಪ್ಪುತ್ತಾಳೆ. ತನ್ನಿಚ್ಛೆಯಂತೆ ಲಿಂಗಪೂಜೆಯಲ್ಲಿರುವುದು, ತನ್ನಿಚ್ಛೆಯಂತೆ ಮಾಹೇಶ್ವರರ ಗೋಷ್ಠಿಯಲ್ಲಿರುವುದು, ತನ್ನಿಚ್ಛೆಯಂತೆ ಗುರುಸೇವೆಯಲ್ಲಿರುವುದು. ಮೂರು ಬಾರಿ ತಪ್ಪಿದರೆ ಸೈರಣೆ, ಆಮೇಲೆ ಇಲ್ಲ. ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಈ ವಿವಾಹವೇ ನಡೆಯಲಿಲ್ಲವೆಂಬಂತೆ ಕಥೆಯನ್ನು ನಡೆಸಿದ್ದಾನೆ, ವಿದ್ವಾಂಸರು ಈ ಭೇದವನ್ನು ಕುರಿತು ಬಹುಕಾಲ ವಾದಿಸಿದ್ದಾರೆ. ಐತಿಹಾಸಿಕ ಸತ್ಯ ಯಾವುದೇ ಇರಲಿ, ಹರಿಹರನ ಕಲ್ಪನೆಯ ನಿಶಿತತೆಯನ್ನು ಮೆಚ್ಚಲೇಬೇಕು. ಆಕೆ ಕೇಳಿದ್ದು ಒಡವೆಯನ್ನಲ್ಲ, ಊರನ್ನಲ್ಲ. ತನ್ನ ನಿಷ್ಠೆ, ತನ್ನ ಸಂಗ, ತನ್ನ ಹೊತ್ತು ತನ್ನದಾಗಿ ಉಳಿಯುವುದೇ ಎಂಬುದನ್ನು. ಇಂದಿನ ಸಮಾಲೋಚಕರು ವಧೂವರರ ಮುಂದಿಡುವ ಪ್ರಶ್ನೆಗಳೂ ಬಹುಮಟ್ಟಿಗೆ ಇವೇ. ಕೌಶಿಕನು ಎಲ್ಲಕ್ಕೂ ಹೂಂಗುಟ್ಟಿದನು, ಏಕೆಂದರೆ ಅವನ ಕಿವಿಯಲ್ಲಿದ್ದುದು ಬಯಕೆಯೊಂದೇ. ಕೊಟ್ಟ ಮಾತನ್ನು ನಡೆಸುವ ಶಕ್ತಿ ತನಗುಂಟೆ ಎಂದು ಆತ ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಸುವ ಮೂರನೆಯವರೂ ಅಲ್ಲಿರಲಿಲ್ಲ. ಭಾಷೆಯಿತ್ತೇ ಹೊರತು ಆಲೋಚನೆಯಿರಲಿಲ್ಲ.

ಆ ಮೂರನೆಯವರ ಸ್ಥಾನ ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದು ಮೊದಲು ತೊಟ್ಟದ್ದು ವೈದ್ಯನ ವೇಷ. ಮೇಹರೋಗಗಳ ಭಯ ಯುರೋಪು ಅಮೆರಿಕಗಳನ್ನು ಆವರಿಸಿದ್ದ ಕಾಲವದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು 1913ರಲ್ಲಿ, ಮದುವೆಯಾಗುವ ಗಂಡಸು ತನಗೆ ಅಂಥ ರೋಗವಿಲ್ಲವೆಂಬ ವೈದ್ಯಪತ್ರವನ್ನು ತರಬೇಕೆಂದು ಶಾಸನ ಮಾಡಿತು. ಮುಗ್ಧೆಯಾದ ವಧುವಿಗೂ ಹುಟ್ಟುವ ಮಗುವಿಗೂ ರೋಗ ತಗಲದಿರಲೆಂಬ ಉದ್ದೇಶದಲ್ಲಿ ತಪ್ಪೇನಿಲ್ಲ. ಆದರೆ ಇದೇ ಹೊತ್ತಿಗೆ ಸುಪ್ರಜನನಶಾಸ್ತ್ರವೆಂಬ ಹೊಸ ವಿದ್ಯೆ ತಲೆಯೆತ್ತಿತ್ತು. ಉತ್ತಮ ತಳಿಯ ದನಕರುಗಳನ್ನು ಬೆಳೆಸುವಂತೆ ಉತ್ತಮ ಮನುಷ್ಯರನ್ನೂ ಬೆಳೆಸಬಹುದು, ಅಯೋಗ್ಯರು ಮಕ್ಕಳನ್ನು ಪಡೆಯದಂತೆ ತಡೆಯಬೇಕು ಎಂಬುದು ಅದರ ವಾದ. ಯೋಗ್ಯರಾರು, ಅಯೋಗ್ಯರಾರು ಎಂಬುದನ್ನು ನಿರ್ಣಯಿಸುವವರು ತಾವು ಯೋಗ್ಯರ ಸಾಲಿನಲ್ಲಿದ್ದೇವೆಂದು ಮೊದಲೇ ನಂಬಿದ್ದರು!

ಪಾಲ್ ಪಾಪೆನೊ ಎಂಬವರ ಬಾಳು ಈ ಎರಡು ವಿದ್ಯೆಗಳ ನಂಟನ್ನು ಎತ್ತಿ ತೋರಿಸುತ್ತದೆ. 1918ರಲ್ಲಿ ಸುಪ್ರಜನನಶಾಸ್ತ್ರದ ಪಠ್ಯವೊಂದನ್ನು ಜೊತೆಗೂಡಿ ಬರೆದ ಆತ, ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ದೊಡ್ಡ ಪ್ರತಿಪಾದಕನಾಗಿದ್ದನು. 1930ರಲ್ಲಿ ಆತನೇ ಲಾಸ್ ಏಂಜಲಿಸ್ ನಗರದಲ್ಲಿ ಕುಟುಂಬ ಸಂಬಂಧಗಳ ಸಂಸ್ಥೆಯನ್ನು ತೆರೆದನು. ಅಮೆರಿಕದ ಮೊದಮೊದಲ ವಿವಾಹ ಸಲಹಾಕೇಂದ್ರಗಳಲ್ಲಿ ಅದೂ ಒಂದು. 1953ರಿಂದ ಮಹಿಳಾ ಪತ್ರಿಕೆಯೊಂದರ ಅಂಕಣದ ಮೂಲಕ ಆತನ ಹೆಸರು ಮನೆಮಾತಾಯಿತು. ಯೋಗ್ಯರೆಲ್ಲ ಮದುವೆಯಾಗಿ ಕೂಡಿಯೇ ಇದ್ದು ಮಕ್ಕಳನ್ನು ಪಡೆಯಲೆಂಬ ತನ್ನ ಹಳೆಯ ಹಂಬಲವನ್ನು ಆತ ಹೊಸ ಮಾತಿನಲ್ಲಿ ಮುಂದುವರಿಸಿದನೆಂದರೆ ಅನ್ಯಾಯವಾಗದು.

ಅದೇ ದೇಶದಲ್ಲಿ ಇದಕ್ಕೆ ಭಿನ್ನವಾದ ಧಾರೆಯೂ ಹರಿಯಿತು. ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಗ್ರೋವ್ಸ್ ಅವರು 1924ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಕುಟುಂಬಜೀವನಕ್ಕೆ ಸಿದ್ಧಗೊಳಿಸುವ ಪಾಠಕ್ರಮವನ್ನು ಆರಂಭಿಸಿದರು. 1927ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಮದುವೆಯ ವಿಷಯವನ್ನೂ ತಮಗೆ ಪಾಠ ಹೇಳಬೇಕೆಂದು ತಾವಾಗಿಯೇ ಬೇಡಿಕೆ ಸಲ್ಲಿಸಿದರು. ಗ್ರೋವ್ಸ್ ಅಲ್ಲಿಗೆ ಬಂದು ಪಾಠ ಹೇಳಿದರು. ಬೇಡಿಕೆ ತರುಣರಿಂದಲೇ ಬಂದದ್ದು ಗಮನಾರ್ಹ. ಫಿಲಡೆಲ್ಫಿಯಾದಲ್ಲಿ ಎಮಿಲಿ ಮಡ್ ಅವರೂ, ನ್ಯೂಯಾರ್ಕಿನಲ್ಲಿ ವೈದ್ಯದಂಪತಿಗಳಾದ ಏಬ್ರಹಾಂ ಮತ್ತು ಹ್ಯಾನಾ ಸ್ಟೋನ್ ಅವರೂ 1930ರ ದಶಕದ ಆರಂಭದಲ್ಲಿ ಸಲಹಾಕೇಂದ್ರಗಳನ್ನು ನಡೆಸಿದರು. ಮದುವೆಗೆ ಸಿದ್ಧರಾದವರು ನಾಚಿಕೆಯಿಂದ ಯಾರನ್ನೂ ಕೇಳಲಾಗದ ಪ್ರಶ್ನೆಗಳನ್ನು ಅಲ್ಲಿ ಕೇಳಬಹುದಾಗಿತ್ತು. ಸ್ಟೋನ್ ದಂಪತಿಗಳು 1935ರಲ್ಲಿ ಪ್ರಕಟಿಸಿದ ವಿವಾಹ ಕೈಪಿಡಿ ಅಂಥ ಪ್ರಶ್ನೋತ್ತರಗಳ ರೂಪದಲ್ಲಿಯೇ ಇದೆ.

ಹಿತೋಕ್ತಿ ಅಪ್ಪಣೆಯಾಗಿ ಮಾರ್ಪಟ್ಟ ಕಥೆ ನಡೆದದ್ದು ಜರ್ಮನಿಯಲ್ಲಿ. ಅದನ್ನು ತುಸು ವಿಸ್ತಾರವಾಗಿ ನೋಡಬೇಕು. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಬರ್ಲಿನ್ನಿನಲ್ಲಿ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಅವರು ಲೈಂಗಿಕ ವಿಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಿ, ಅದರಲ್ಲಿ ವಿವಾಹ ಸಲಹೆಯ ವಿಭಾಗವನ್ನೂ ತೆರೆದರು. 1926ರಲ್ಲಿ ಪ್ರಶ್ಯಾದ ಜನಕಲ್ಯಾಣ ಸಚಿವಾಲಯವು, ನಗರಗಳಲ್ಲಿ ವಿವಾಹ ಸಲಹಾಕೇಂದ್ರಗಳನ್ನು ತೆರೆಯಬೇಕೆಂದು ಸುತ್ತೋಲೆ ಹೊರಡಿಸಿತು. ಬರುವುದು ಬಿಡುವುದು ವಧೂವರರ ಇಚ್ಛೆ. ವೈದ್ಯರು ತಿಳಿಸಬಹುದೇ ಹೊರತು ತಡೆಯುವಂತಿಲ್ಲ. ಆದರೆ ಸರ್ಕಾರಿ ಕೇಂದ್ರಗಳ ದೃಷ್ಟಿಯೆಲ್ಲ ಆನುವಂಶಿಕ ಆರೋಗ್ಯದ ಮೇಲಿತ್ತು. ಅಲ್ಲಿಗೆ ಬಂದವರು ಕಡಮೆ. ಗರ್ಭನಿರೋಧದ ಬಗೆಗೆ, ದಾಂಪತ್ಯದ ನಿಜವಾದ ತೊಡಕುಗಳ ಬಗೆಗೆ ಮಾತನಾಡುತ್ತಿದ್ದ ಸಂಘಗಳ ಕೇಂದ್ರಗಳಿಗೆ ಶ್ರಮಿಕರ ಹೆಂಗಸರು ಸಾಲುಗಟ್ಟಿ ಬಂದರು. ಜನಕ್ಕೆ ಬೇಕಾದುದೊಂದು, ರಾಜ್ಯಕ್ಕೆ ಬೇಕಾದುದೊಂದು ಎಂಬುದು ಆಗಲೇ ಸ್ಪಷ್ಟವಾಗಿತ್ತು.

1933ರಲ್ಲಿ ಹಿಟ್ಲರನ ಪಕ್ಷ ಅಧಿಕಾರಕ್ಕೆ ಬಂತು. ಅದೇ ವರ್ಷದ ಮೇ 6ರಂದು ಹಿರ್ಷ್‌ಫೆಲ್ಡರ ಸಂಸ್ಥೆಯನ್ನು ಲೂಟಿ ಮಾಡಲಾಯಿತು. ನಾಲ್ಕು ದಿನಗಳ ಅನಂತರ ಬರ್ಲಿನ್ನಿನ ಚೌಕದಲ್ಲಿ ಉರಿದ ಗ್ರಂಥರಾಶಿಯಲ್ಲಿ ಅದರ ಪುಸ್ತಕಗಳೂ ಇದ್ದವು. ದೇಶಾಂತರದಲ್ಲಿದ್ದ ಹಿರ್ಷ್‌ಫೆಲ್ಡರು 1935ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಜುಲೈ 14ರಂದು ಬಲವಂತದ ಸಂತಾನಹರಣದ ಶಾಸನವಾಯಿತು. ಅದೇ ವರ್ಷ ನವದಂಪತಿಗಳಿಗೆ ಸಾವಿರ ಮಾರ್ಕುಗಳವರೆಗೆ ವಿವಾಹಸಾಲ ಕೊಡುವ ಯೋಜನೆ ಬಂತು; ಆದರೆ ವೈದ್ಯಪರೀಕ್ಷೆಯಲ್ಲಿ ‘ಯೋಗ್ಯ’ರೆನಿಸಿದವರಿಗೆ ಮಾತ್ರ. ಹೀಗೆ ಆಮಿಷದ ದಾರಿಯೂ ಅಪ್ಪಣೆಯ ಕಡೆಗೇ ಸಾಗಿತ್ತು. 1935ರ ಸೆಪ್ಟೆಂಬರಿನಲ್ಲಿ ಯಹೂದಿಗಳಿಗೂ ಇತರ ಜರ್ಮನರಿಗೂ ನಡುವಣ ವಿವಾಹ ನಿಷಿದ್ಧವಾಯಿತು. ಅಕ್ಟೋಬರ್ 18ರಂದು ಬಂದ ವಿವಾಹ ಆರೋಗ್ಯ ಶಾಸನದ ಪ್ರಕಾರ, ಸಾಂಕ್ರಾಮಿಕ ರೋಗವಾಗಲಿ ಮನೋವ್ಯಾಧಿಯಾಗಲಿ ಆನುವಂಶಿಕ ವ್ಯಾಧಿಯಾಗಲಿ ಇದೆಯೆಂದು ಆರೋಗ್ಯ ಕಚೇರಿ ನಿರ್ಣಯಿಸಿದರೆ ಮದುವೆಯೇ ಇಲ್ಲ. ವಿವಾಹಯೋಗ್ಯತೆಯ ಪತ್ರ ಬೇಕು. ಪತ್ರವನ್ನು ಎಲ್ಲರಿಗೂ ಕಡ್ಡಾಯಗೊಳಿಸುವ ಭಾಗ ಕೂಡಲೇ ಜಾರಿಗೆ ಬರಲಿಲ್ಲ, ಸಂಶಯ ಬಂದವರಿಂದ ಮಾತ್ರ ಕೇಳಲಾಗುತ್ತಿತ್ತು. ಸಂಶಯಪಡುವ ಅಧಿಕಾರ ಯಾರದು ಎಂಬುದನ್ನು ನೆನೆದರೆ ಈ ರಿಯಾಯಿತಿಯ ಬೆಲೆ ತಿಳಿಯುತ್ತದೆ.

ಇಲ್ಲಿಯ ಅತಿ ದಾರುಣವಾದ ಅಂಶವೆಂದರೆ ಸಲಹೆಯ ಸ್ಥಳವೇ ಬಲೆಯಾದದ್ದು. ಮದುವೆಗೆಂದು ಬಂದ ತರುಣಿಯೊಬ್ಬಳು ತನ್ನ ಅಣ್ಣನಿಗೆ ಮೂರ್ಛೆರೋಗವಿದೆ ಎಂದೋ ತಾಯಿ ಕೆಲಕಾಲ ಮನೋರೋಗದ ಆಸ್ಪತ್ರೆಯಲ್ಲಿದ್ದಳೆಂದೋ ಹೇಳಿದರೆ, ಆ ಮಾತು ಗುಟ್ಟಾಗಿ ಉಳಿಯದೆ ಕಡತವಾಗಬಲ್ಲದಾಗಿತ್ತು. ಕಡತದಿಂದ ಸಂತಾನಹರಣದ ನ್ಯಾಯಮಂಡಲಿಗೆ ದಾರಿಯಿತ್ತು. 1945ರವರೆಗೆ ಸುಮಾರು ನಾಲ್ಕು ಲಕ್ಷ ಜನ ಬಲವಂತದ ಶಸ್ತ್ರಚಿಕಿತ್ಸೆಗೆ ಒಳಗಾದರು. ಸಮಾಲೋಚನೆಯ ಬೆಲೆ ಇರುವುದು ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯುತ್ತದೆಂಬ ನಂಬಿಕೆಯಲ್ಲಿ. ಆ ನಂಬಿಕೆ ಮುರಿದ ಕಡೆ ಅದು ಗೂಢಚರ್ಯೆಯ ಇನ್ನೊಂದು ಹೆಸರಷ್ಟೆ.

ಅದೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಬೇರೊಂದು ಪ್ರಯತ್ನ ಮೊಳೆಯಿತು. ಪಾದ್ರಿ ಹರ್ಬರ್ಟ್ ಗ್ರೇ ಅವರ ಮುಂದಾಳ್ತನದಲ್ಲಿ 1938ರಲ್ಲಿ ವಿವಾಹ ಮಾರ್ಗದರ್ಶನದ ಮಂಡಲಿಯೊಂದು ರೂಪುಗೊಂಡು, ಯುದ್ಧದ ಗದ್ದಲದಲ್ಲಿ ಹಿಂದೆ ಬಿದ್ದು, 1943ರಲ್ಲಿ ಲಂಡನ್ನಿನ ಸಲಹಾಕೇಂದ್ರವಾಗಿ ಮತ್ತೆ ಚಿಗುರಿತು. ಮೆಥಡಿಸ್ಟ್ ಪಾದ್ರಿ ಡೇವಿಡ್ ಮೇಸ್ ಅದರ ಜೀವಾಳವಾದರು. ಯುದ್ಧಕಾಲದ ಆತುರದ ಮದುವೆಗಳ ಫಲ ಬೇಗನೆ ಕಾಣಿಸಿತು: ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ 1938ರಲ್ಲಿ ಆರು ಸಾವಿರದಷ್ಟಿದ್ದ ವಿಚ್ಛೇದನಗಳು 1947ರಲ್ಲಿ ಅರವತ್ತು ಸಾವಿರವಾದವು. ನ್ಯಾಯಮೂರ್ತಿ ಡೆನಿಂಗ್ ಅವರ ಸಮಿತಿ ಅದೇ 1947ರಲ್ಲಿ ಕೊಟ್ಟ ವರದಿಯು ಇಂಥ ಕೇಂದ್ರಗಳಿಗೆ ಸರ್ಕಾರ ನೆರವು ನೀಡಬೇಕೆಂದು ಸೂಚಿಸಿತು. ಸರ್ಕಾರ ಹಣ ಕೊಟ್ಟಿತು, ಆದರೆ ಕೇಂದ್ರಗಳನ್ನು ತನ್ನ ಇಲಾಖೆಯಾಗಿ ಮಾಡಿಕೊಳ್ಳಲಿಲ್ಲ. ಜರ್ಮನಿಯ ಕಥೆಯನ್ನು ಬಲ್ಲವರಿಗೆ ಈ ಅಂತರದ ಮಹತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮಂಡಲಿಯೂ ಮೊದಲಲ್ಲಿ ನೀತಿಬೋಧೆಯನ್ನೇ ತನ್ನ ಕೆಲಸವೆಂದು ತಿಳಿದಿತ್ತು. ದಾಂಪತ್ಯನಿಷ್ಠೆ, ಸಂತಾನ, ಸಂಯಮ ಇವುಗಳ ಬಗೆಗೆ ಅದರ ತತ್ತ್ವಗಳು ಖಚಿತವಾಗಿದ್ದವು. ಆದರೆ ತರಬೇತಿ ಪಡೆದ ಸಾಮಾನ್ಯ ಗೃಹಸ್ಥರು, ಗೃಹಿಣಿಯರು ವಾರಕ್ಕೆ ಕೆಲವು ಗಂಟೆ ಎದುರಿಗೆ ಕುಳಿತು ಕೇಳತೊಡಗಿದಾಗ ಅನುಭವವೇ ಅವರ ಗುರುವಾಯಿತು. ಉಪದೇಶಕ್ಕಿಂತ ಆಲಿಸುವುದು ಹೆಚ್ಚು ಕೆಲಸ ಮಾಡುತ್ತದೆ! ಕಾರ್ಲ್ ರೋಜರ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1942ರ ಗ್ರಂಥದಲ್ಲಿ ಪ್ರತಿಪಾದಿಸಿದ್ದ ತತ್ತ್ವವೂ ಇದೇ: ಬಂದವರಿಗೆ ದಾರಿ ತೋರುವುದಲ್ಲ, ತಮ್ಮ ದಾರಿಯನ್ನು ತಾವೇ ಕಾಣುವಂತೆ ಜೊತೆಗಿರುವುದು. 1988ರಲ್ಲಿ ಮಂಡಲಿ ‘ರಿಲೇಟ್’ ಎಂದು ಹೆಸರು ಬದಲಿಸಿಕೊಂಡಿತು.

ಡೇವಿಡ್ ಮೇಸ್ ಮತ್ತು ಅವರ ಪತ್ನಿ ವೇರಾ 1960ರಲ್ಲಿ ಪೂರ್ವಪಶ್ಚಿಮಗಳ ವಿವಾಹಪದ್ಧತಿಗಳನ್ನು ಹೋಲಿಸಿ ಗ್ರಂಥ ಬರೆದರು. ಅದರಲ್ಲಿ ಭಾರತದ ತರುಣಿಯರೊಡನೆ ನಡೆದ ಸಂಭಾಷಣೆಯೊಂದುಂಟು. ನಿಮ್ಮ ವರನನ್ನು ನೀವೇ ಆರಿಸಿಕೊಳ್ಳಲು ಇಷ್ಟವಿಲ್ಲವೇ ಎಂದರೆ ಅವರು ಒಮ್ಮನದಿಂದ ಇಲ್ಲವೆಂದರು. ಗಂಡನನ್ನು ಹುಡುಕುವ ಚಿಂತೆ ತಂದೆತಾಯಿಗಳದಾದರೆ ತಮಗೆ ನೆಮ್ಮದಿ ಎಂಬುದು ಅವರ ಸಮಾಧಾನ. ಈ ಉತ್ತರವನ್ನು ಎರಡು ಬಗೆಯಾಗಿ ಓದಬಹುದು. ಹಿರಿಯರ ವಿವೇಕದಲ್ಲಿಟ್ಟ ನಂಬಿಕೆ ಅದರಲ್ಲಿದೆ. ತನ್ನನ್ನು ಯಾರೂ ಕೇಳಿಲ್ಲವೆಂಬುದನ್ನೇ ನೆಮ್ಮದಿಯೆಂದುಕೊಂಡ ಅಭ್ಯಾಸವೂ ಅದರಲ್ಲಿರಬಹುದು. ಆರಿಸುವವರು ಹಿರಿಯರೇ ಆದರೂ ಬಾಳುವವರು ಬೇರೆಯಾದ್ದರಿಂದ, ಏರ್ಪಡಿಸಿದ ಮದುವೆಗೆ ಸಮಾಲೋಚನೆಯ ಅಗತ್ಯ ಹೆಚ್ಚೇ ಹೊರತು ಕಡಮೆಯಲ್ಲ.

ಹಿಂದೆ ಹೇಳಿದ ನ್ಯೂಯಾರ್ಕಿನ ಏಬ್ರಹಾಂ ಸ್ಟೋನ್ ಅವರ ಹೆಸರು ಕನ್ನಡ ನಾಡಿನ ಇತಿಹಾಸದಲ್ಲಿಯೂ ಬರುತ್ತದೆ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಸಂತತಿನಿಯಂತ್ರಣ ಚಿಕಿತ್ಸಾಲಯಗಳನ್ನು ಆರಂಭಿಸಲು ಆಜ್ಞೆ ಹೊರಡಿಸಿ ಜಗತ್ತಿಗೇ ಮುಂದಾಗಿತ್ತು. 1951ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಸ್ಟೋನ್ ಭಾರತಕ್ಕೆ ಬಂದರು. ಆರೋಗ್ಯ ಸಚಿವೆ ರಾಜಕುಮಾರಿ ಅಮೃತಕೌರ್ ಅವರ ಒಲವು ಸಂಯಮದ ದಿನಗಳನ್ನು ಎಣಿಸುವ ವಿಧಾನದ ಕಡೆಗಿತ್ತು. ಪ್ರಯೋಗಕ್ಕೆ ಆರಿಸಿದ ಎರಡು ಸ್ಥಳಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ಮೈಸೂರು ರಾಜ್ಯದ ರಾಮನಗರ. ಓದುಬರಹ ಬಾರದ ಹೆಂಗಸರು ದಿನಗಳನ್ನು ಗುರುತಿಸಲೆಂದು ಬಣ್ಣ ಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಸರ ಇದ್ದದ್ದು ಹೆಂಡತಿಯ ಕೈಯಲ್ಲಿ. ಮಣಿಯ ಬಣ್ಣವನ್ನು ಮನ್ನಿಸಬೇಕಾದವನು ಗಂಡ. ಇಬ್ಬರೂ ಕೂಡಿ ಮಾತನಾಡುವ ರೂಢಿಯಿಲ್ಲದ ಮನೆಯಲ್ಲಿ ಮಣಿಸರವೇನು ಮಾಡೀತು?

ಕ್ರೈಸ್ತ ಧರ್ಮಸಂಸ್ಥೆಗಳೂ ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ವಿಚಾರಣೆಗೆ ಹೊಸ ರೂಪ ಕೊಟ್ಟವು. 1940ರ ದಶಕದಲ್ಲಿ ಅಮೆರಿಕದ ಕ್ಯಾಥೊಲಿಕರು ಆರಂಭಿಸಿದ ಶಿಬಿರಗಳಿಗೆ, ಯೇಸು ಮದುವೆಮನೆಗೆ ಹೋದ ಕಾನಾ ಊರಿನ ಹೆಸರಿಟ್ಟರು. ಅಲ್ಲಿ ಪಾದ್ರಿಯೊಬ್ಬನೇ ಅಲ್ಲದೆ ಸಂಸಾರದಲ್ಲಿ ಪಳಗಿದ ದಂಪತಿಗಳೂ ವಧೂವರರೊಡನೆ ಮಾತನಾಡಿದರು. ಬ್ರಹ್ಮಚಾರಿಯಾದ ಪಾದ್ರಿ ಸಂಸಾರದ ಮಾತನ್ನು ಸಂಸಾರಿಗಳಿಗೆ ಬಿಟ್ಟುಕೊಟ್ಟದ್ದು ಸಣ್ಣ ವಿವೇಕವಲ್ಲ. ಕೇರಳದ ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಲ್ಲಿ ಇಂಥ ಶಿಬಿರ ಈಗ ಮದುವೆಗೆ ಮುನ್ನಿನ ಕಡ್ಡಾಯ ನಿಯಮವೇ ಆಗಿದೆ.

ಇದರಿಂದ ನಿಜವಾಗಿ ಪ್ರಯೋಜನವುಂಟೆ? ಅಮೆರಿಕದ ವಿದ್ವಾಂಸರು ಇದನ್ನು ಅಳೆಯಲು ಯತ್ನಿಸಿದ್ದಾರೆ. 2003ರಲ್ಲಿ ಕ್ಯಾರೊಲ್ ಮತ್ತು ಡೊಹರ್ಟಿ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಶಿಕ್ಷಣ ಪಡೆದ ಸರಾಸರಿ ವ್ಯಕ್ತಿ ಪಡೆಯದ ನೂರು ಜನರಲ್ಲಿ 79 ಮಂದಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತಾನೆಂದರು. 2006ರಲ್ಲಿ ನಾಲ್ಕು ರಾಜ್ಯಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯು, ಶಿಕ್ಷಣ ಪಡೆದವರಲ್ಲಿ ವಿಚ್ಛೇದನದ ಸಂಭವ ಶೇಕಡ 31ರಷ್ಟು ಕಡಮೆಯೆಂದಿತು. 2010ರಲ್ಲಿ ಅಪ್ರಕಟಿತ ಅಧ್ಯಯನಗಳನ್ನೂ ಸೇರಿಸಿ ಎಣಿಸಿದಾಗ ಉತ್ಸಾಹ ಇಳಿಯಿತು: ದಾಂಪತ್ಯದ ತೃಪ್ತಿ ಹೆಚ್ಚಿತೆನ್ನಲು ದೃಢವಾದ ಆಧಾರ ಸಿಗಲಿಲ್ಲ, ಪರಸ್ಪರ ಮಾತನಾಡುವ ರೀತಿ ಸುಧಾರಿಸಿತೆಂಬುದು ಮಾತ್ರ ಕಂಡಿತು. ಸಮಾಲೋಚನೆಗೆ ತಾವಾಗಿ ಬರುವವರು ಮೊದಲೇ ವಿವೇಕಿಗಳಾಗಿರಬಹುದೆಂಬ ಆಕ್ಷೇಪವೂ ಉಂಟು. ಕಾನೂನಿನ ಬಲದಿಂದ ಇದನ್ನು ಹಬ್ಬಿಸುವ ಯತ್ನಗಳು ಮಿಶ್ರಫಲ ಕೊಟ್ಟಿವೆ. 1997ರಲ್ಲಿ ಲೂಯಿಸಿಯಾನಾ ರಾಜ್ಯವು ಸಮಾಲೋಚನೆಯನ್ನು ಕಡ್ಡಾಯವಾಗಿಸಿ ವಿಚ್ಛೇದನವನ್ನು ಕಠಿಣಗೊಳಿಸಿದ ಒಂದು ಬಗೆಯ ವಿವಾಹವನ್ನು ಐಚ್ಛಿಕವಾಗಿ ತಂದಾಗ, ಅದನ್ನು ಆರಿಸಿಕೊಂಡವರು ನೂರಕ್ಕೆ ಒಬ್ಬಿಬ್ಬರು. ಫ್ಲಾರಿಡಾ 1998ರಲ್ಲಿ ನಾಲ್ಕು ಗಂಟೆಗಳ ಪಾಠ ಕೇಳಿದವರಿಗೆ ಪರವಾನಗಿಯ ಶುಲ್ಕದಲ್ಲಿ ರಿಯಾಯಿತಿ ಕೊಟ್ಟು ಸುಮ್ಮನಾಯಿತು.

ಅಪ್ಪಣೆಗೂ ಹಿತೋಕ್ತಿಗೂ ಇರುವ ಗೆರೆ ಅತಿ ತೆಳುವಾಗುವುದು ಆನುವಂಶಿಕ ರೋಗಗಳ ವಿಷಯದಲ್ಲಿ. ಕರ್ನಾಟಕದಲ್ಲಿ ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಹಳೆಯದು. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳ ತಂದೆತಾಯಿಗಳನ್ನು ವಿಚಾರಿಸಿದಾಗ ಸುಮಾರು ಮೂರನೆಯ ಒಂದು ಪಾಲು ಮದುವೆಗಳು ರಕ್ತಸಂಬಂಧದವಾಗಿದ್ದವು. ಬೇಡವೇ ಬೇಡ ಎಂಬ ಕಟ್ಟಪ್ಪಣೆಯಾಗಲಿ, ಏನೂ ಆಗದು ಎಂಬ ಉಪೇಕ್ಷೆಯಾಗಲಿ ಇಲ್ಲಿ ಉತ್ತರವಲ್ಲ. ಇಂಥ ಸಂದರ್ಭದಲ್ಲಿ ಏನು ಮಾಡಬಹುದೆಂಬುದಕ್ಕೆ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪ ಒಂದು ನಿದರ್ಶನ.

ಅಲ್ಲಿ ಪ್ರತಿ ಏಳು ಜನರಲ್ಲಿ ಸುಮಾರಾಗಿ ಒಬ್ಬರು ಥಲಸೀಮಿಯ ಎಂಬ ರಕ್ತರೋಗದ ವಾಹಕರು. ವಾಹಕರಿಗೆ ತಮ್ಮಷ್ಟಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ವಾಹಕರಿಬ್ಬರು ಸತಿಪತಿಗಳಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು, ಆಯುಷ್ಯವಿಡೀ ಪರರ ರಕ್ತದಿಂದಲೇ ಬದುಕಬೇಕಾದ ಮಗು ಹುಟ್ಟುವ ಸಂಭವ. ಹುಟ್ಟುತ್ತಿದ್ದ ಇಂಥ ಮಕ್ಕಳಿಗೆ ಬೇಕಾಗುವ ರಕ್ತ ಮುಂದೊಂದು ದಿನ ದ್ವೀಪದ ಶಕ್ತಿಯನ್ನೇ ಮೀರುವುದೆಂದು 1970ರ ದಶಕದ ಆರಂಭದಲ್ಲಿ ವೈದ್ಯರು ಲೆಕ್ಕ ಹಾಕಿದ್ದರು. ರೋಗಿಗಳ ತಂದೆತಾಯಿಗಳೇ ಮುಂದೆ ನಿಂತು ಪರೀಕ್ಷೆಯನ್ನು ಬೇಡಿದರು. 1983ರಲ್ಲಿ ಸೈಪ್ರಸ್ಸಿನ ಆರ್ಥೊಡಾಕ್ಸ್ ಚರ್ಚು, ವಿವಾಹಕ್ಕೆ ಮುನ್ನ ಪರೀಕ್ಷಾಪತ್ರವನ್ನು ತರಬೇಕೆಂಬ ನಿಯಮವನ್ನು ಒಪ್ಪಿತು. ಜರ್ಮನಿಯ ಪತ್ರಕ್ಕೂ ಇದಕ್ಕೂ ಹೊರನೋಟಕ್ಕೆ ಭೇದವಿಲ್ಲ; ಎರಡೂ ವೈದ್ಯನ ಮೊಹರು ಹೊತ್ತ ಕಾಗದಗಳೇ. ಆದರೆ ಈ ಪತ್ರದಲ್ಲಿ ಮದುವೆಗೆ ಯೋಗ್ಯರೋ ಅಯೋಗ್ಯರೋ ಎಂಬ ತೀರ್ಪಿಲ್ಲ. ಇವರಿಗೆ ಪರೀಕ್ಷೆಯಾಗಿದೆ, ತಿಳಿಯಬೇಕಾದುದನ್ನು ತಿಳಿಸಲಾಗಿದೆ ಎಂಬ ಎರಡು ಸಂಗತಿಗಳಷ್ಟೇ ಅದರಲ್ಲಿವೆ. ಇಬ್ಬರೂ ವಾಹಕರೆಂದು ತಿಳಿದ ಮೇಲೆಯೂ ಬಹುಪಾಲು ಜೋಡಿಗಳು ನಿಶ್ಚಯವನ್ನು ಮುರಿಯಲಿಲ್ಲ; ತಿಳಿದೇ ಮದುವೆಯಾದರು, ಬಸಿರಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ತಮ್ಮ ತೀರ್ಮಾನವನ್ನು ತಾವೇ ಮಾಡಿದರು. ವರ್ಷಕ್ಕೆ ಐವತ್ತಕ್ಕೂ ಮಿಕ್ಕು ಹುಟ್ಟಬಹುದಾಗಿದ್ದ ರೋಗಪೀಡಿತ ಶಿಶುಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿಯಿತು. ಪಾದ್ರಿಯ ಕೈಗೆ ಬರುವ ಕಾಗದದಲ್ಲಿ ಪರೀಕ್ಷೆಯ ಫಲಿತಾಂಶ ಬರೆದಿರುವುದಿಲ್ಲ. ಅದನ್ನು ಬಲ್ಲವರು ವೈದ್ಯರು ಮತ್ತು ಆ ಇಬ್ಬರು.